ಮದ್ದೂರಿನಲ್ಲಿ ಇಳಿದು ತಿನ್ನುವುದು

ನಮ್ಮ ಜಯಲಕ್ಷ್ಮಿಪುರಂನಿಂದ ನೀವು ಕಾರಿನಲ್ಲಿ ಬೆಂಗಳೂರಿಗೆ ಹೊರಟಿರೆಂದು ಇಟ್ಟುಕೊಳ್ಳೋಣ. ಹೊಸ ರಸ್ತೆ ಅಗಲವಾಗಿದೆ, ನುಣುಪಾಗಿದೆ. ಹಿಂದೆ ಕುಳಿತವರು ಒಂದು ನಿದ್ದೆ ತೆಗೆದು ಕಣ್ಣು ಬಿಡುವಷ್ಟರಲ್ಲಿ ಕೆಂಗೇರಿ ಬಂದಿರುತ್ತದೆ. ಸಂತೋಷದ ವಿಷಯವೇ. ಆದರೆ ಶ್ರೋತೃಗಳೆ, ನಡುವೆ ಮದ್ದೂರು ಬಂದುಹೋದದ್ದು ನಿಮಗೆ ಗೊತ್ತಾಯಿತೆ?

ಗೊತ್ತಾಗಿರಲಾರದು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಈ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನೆಲ್ಲ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಮದ್ದೂರನ್ನಂತೂ ಮೇಲುಸೇತುವೆಯ ಮೇಲಿಂದ ದಾಟಿಬಿಡುತ್ತದೆ. ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಈಗ ಸುಮಾರು ಒಂದೂವರೆ ಗಂಟೆಗೆ ಇಳಿದಿದೆ. ಹೀಗೆ ಉಳಿತಾಯವಾದ ಹೊತ್ತಿನಲ್ಲಿ ಅರ್ಧ ಗಂಟೆಯಾದರೂ ಮದ್ದೂರಿಗೆ ಸೇರಿದ್ದಾಗಿತ್ತು. ಅಲ್ಲಿ ಇಳಿದು, ಕೈಕಾಲು ಚಾಚಿ, ವಡೆ ತಿಂದು ಕಾಫಿ ಕುಡಿಯದೆ ಮುಂದೆ ಹೋದವರನ್ನು ನಾನು ಕಂಡದ್ದು ಕಡಿಮೆ.

ಈ ವಡೆ ಹುಟ್ಟಿದ್ದೇ ಪ್ರಯಾಣದಿಂದ. 1882ರ ಹೊತ್ತಿಗೆ ಬೆಂಗಳೂರಿನ ರೈಲು ಮೈಸೂರನ್ನು ಮುಟ್ಟಿತ್ತು. ಮದ್ದೂರು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬವರು ಇಡ್ಲಿ, ಕರಿದ ತಿಂಡಿಗಳನ್ನು ಮಾರುತ್ತಿದ್ದರು. 1917ರಲ್ಲಿ ಒಂದು ದಿನ ರೈಲು ವೇಳೆಗೆ ಮುಂಚೆಯೇ ಬಂದಿತಂತೆ. ಪಕೋಡ ಉಂಡೆಯಾಗಿ ಬೇಯಲು ಪುರುಸೊತ್ತಿಲ್ಲ. ಹಿಟ್ಟನ್ನು ಅಂಗೈಯಲ್ಲಿ ಚಪ್ಪಟೆಯಾಗಿ ತಟ್ಟಿ ಎಣ್ಣೆಗೆ ಬಿಟ್ಟರು. ಜನ ಮೆಚ್ಚಿ ಇನ್ನಷ್ಟು ಕೇಳಿದರು ಎಂದು ಕತೆ. ಇಂಥ ಕತೆಗಳಿಗೆ ರುಜು ಮೊಹರು ಯಾರೂ ಹಾಕಿರುವುದಿಲ್ಲ. ಆದರೂ ನನಗೆ ಇದರಲ್ಲಿ ನಂಬಿಕೆಯುಂಟು. ಏಕೆಂದರೆ ವಡೆಯೇ ಅದಕ್ಕೆ ಸಾಕ್ಷಿ ಹೇಳುತ್ತದೆ. ಉಂಡೆಯ ಒಳಗು ಬೇಯುವ ಮೊದಲು ಹೊರಗು ಸೀಯುತ್ತದೆ. ತಟ್ಟಿದ್ದು ಎರಡೂ ಕಡೆ ಒಟ್ಟಿಗೆ ಬೇಯುತ್ತದೆ. ರವೆ, ಅಕ್ಕಿಹಿಟ್ಟು, ಮೈದಾ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಜೊತೆಗೆ ಕಾಯಿಸಿದ ಎಣ್ಣೆ. ನೆನೆಸುವುದಿಲ್ಲ, ರುಬ್ಬುವುದಿಲ್ಲ. ಈರುಳ್ಳಿಯನ್ನು ಉಪ್ಪಿನೊಡನೆ ಹಿಸುಕಿದರೆ ಬರುವ ನೀರೇ ಹಿಟ್ಟಿಗೆ ಮುಕ್ಕಾಲು ಪಾಲು ಸಾಕು. ನೀರು ಕಡಿಮೆಯಾದ್ದರಿಂದ ಗರಿಗರಿ, ಸಂಜೆಯವರೆಗೆ ಕೆಡದು, ಕಿಟಕಿಯಿಂದ ಕೈ ನೀಡಿ ಕೊಂಡು, ಎಲೆ ಇಲ್ಲದೆ, ಸಾಂಬಾರಿಲ್ಲದೆ ಬರಿಗೈಯಲ್ಲಿ ತಿನ್ನಬಹುದು. ಉದ್ದಿನ ವಡೆಗೆ ಈ ಭಾಗ್ಯವಿಲ್ಲ. ಅದು ಮನೆಯಲ್ಲಿ ಕುಳಿತವರ ತಿಂಡಿ.

ಇಲ್ಲಿ ನನ್ನ ವೃತ್ತಿಯ ಚಾಳಿಯನ್ನು ಸ್ವಲ್ಪ ಸಹಿಸಿಕೊಳ್ಳಬೇಕು. ವಡೆ ಎಂಬುದು ಸಂಸ್ಕೃತದ ವಟಕದಿಂದ ಬಂದ ಮಾತು. ಹನ್ನೆರಡನೆಯ ಶತಮಾನದ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ವಟಕದ ಪ್ರಸ್ತಾಪ ಮಾಡಿದ್ದಾನೆ. ಅಲ್ಲಿ ಅದಕ್ಕೆ ಬೇಳೆಯೇ ಆಧಾರ. ಮದ್ದೂರು ವಡೆಯಲ್ಲಾದರೋ ಬೇಳೆಯ ಸುಳಿವೇ ಇಲ್ಲ. ಹಾಗಾದರೆ ಇದು ಅನ್ವರ್ಥನಾಮವಲ್ಲ. ಊರಿನ ಹೆಸರು ಹೊತ್ತದ್ದರಿಂದ ಅಂಕಿತನಾಮವೆನ್ನೋಣ ಎಂದರೆ, ಇಂದು ಮೈಸೂರಿನ ಬೇಕರಿಯಲ್ಲೂ ಬೆಂಗಳೂರಿನ ಬಸ್ ನಿಲ್ದಾಣದಲ್ಲೂ ಪೊಟ್ಟಣ ಕಟ್ಟಿ ಮಾರುವುದೆಲ್ಲ ಮದ್ದೂರು ವಡೆಯೇ. ಹೊಳೆ, ಬೆಟ್ಟ, ಮರ ಎಂಬಂತೆ ರೂಢನಾಮವಾಗಿಬಿಟ್ಟಿದೆ. ಹೆಸರು ಊರನ್ನು ಬಿಟ್ಟು ಹೊರಟಿತು; ಈಗ ರಸ್ತೆಯೂ ಹೊರಟಿದೆ.

ಪೊಟ್ಟಣದ ವಡೆಯನ್ನು ನಾನು ಹಳಿಯುವುದಿಲ್ಲ, ಮನೆಗೆ ತಂದದ್ದೂ ಉಂಟು. ಆದರೆ ಹಳೆಯ ರಸ್ತೆಯ ಉಪಾಹಾರ ಮಂದಿರದಲ್ಲಿ ಕುಳಿತು ತಿನ್ನುವುದೇ ಬೇರೆ. ಬಾಣಲೆಯಿಂದ ಜಾಲರಿ ಸೌಟಿನಲ್ಲಿ ಎತ್ತಿದ್ದು ತಟ್ಟೆಗೆ ಬೀಳುವಾಗ ಟಣ್ಣೆನ್ನಬೇಕು. ಜೊತೆಗೆ ಕಾಯಿ ಚಟ್ನಿ. ಮುರಿದರೆ ಅಂಚು ಪುಡಿಯಾಗುತ್ತದೆ, ನಡುವೆ ಈರುಳ್ಳಿ ಇನ್ನೂ ಹಬೆಯಾಡುತ್ತಿರುತ್ತದೆ. ಈ ಹಬೆಯನ್ನು ಪೊಟ್ಟಣದೊಳಗೆ ಕಟ್ಟಿದರೆ ಗರಿಯೆಲ್ಲ ಮೆತ್ತಗಾಗುತ್ತದೆ. ಆರಿಸಿ ಕಟ್ಟಿದರೆ ಹಬೆಯೇ ಇರುವುದಿಲ್ಲ. ಇನ್ನು ಅಲ್ಲಿಯ ಸಭೆ! ಮಗಳ ಮದುವೆಗೆ ಜವಳಿ ತರಲು ಹೊರಟ ಕುಟುಂಬ, ಹೈಕೋರ್ಟಿಗೆ ಹೊರಟ ಕಕ್ಷಿಗಾರ, ಲಾರಿ ಚಾಲಕ, ಉತ್ತರಪತ್ರಿಕೆ ತಿದ್ದಲು ಹೊರಟ ನಮ್ಮಂಥ ಉಪಾಧ್ಯಾಯರು, ಎಲ್ಲರೂ ಒಂದೇ ಮೇಜಿಗೆ. ಪರಿಚಯವಿಲ್ಲದವರು ಚಟ್ನಿಯ ಬಟ್ಟಲನ್ನು ಈಚೆಗೆ ಸರಿಸಿ, ‘ಯಾವ ಕಡೆಗೆ ಸ್ವಾಮಿ?’ ಎಂದು ಮಾತಿಗೆ ತೊಡಗುತ್ತಿದ್ದರು. ಬೈಟು ಕಾಫಿ ಮುಗಿಯುವಷ್ಟರಲ್ಲಿ ಅವರ ಊರಿನ ಮಳೆ ಬೆಳೆಯ ಸಮಾಚಾರವೆಲ್ಲ ತಿಳಿದಿರುತ್ತಿತ್ತು.

ಹೋದ ಸಲ ನಾವು ನಾಲ್ವರು ಉಪಾಧ್ಯಾಯರು ಬೇಕೆಂದೇ ಕೆಳಗಿನ ರಸ್ತೆಗೆ ಇಳಿದು ಒಂದು ಹಳೆಯ ಹೋಟೆಲಿಗೆ ಹೋದೆವು. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಹಿಂದೆ ಆ ಹೊತ್ತಿಗೆ ನಿಂತೇ ಕಾಯಬೇಕಾಗಿತ್ತು. ಈಗ ನಮಗೆ ಬೇಕಾದ ಮೇಜು ಸಿಕ್ಕಿತು. ಮಾಣಿ ತಟ್ಟೆ ಇಟ್ಟು ಹೋಗಲಿಲ್ಲ, ಪಕ್ಕದಲ್ಲೇ ನಿಂತ. ಹೋಗಿ ಮಾಡಬೇಕಾದ ಕೆಲಸ ಅವನಿಗೆ ಇರಲಿಲ್ಲ. ಜೊತೆಗೆ ಇದ್ದ ಹುಡುಗರಲ್ಲಿ ಕೆಲವರು ಬಿಟ್ಟು ಹೋದರೆಂದ. ಈ ದಾರಿಯ ಹೋಟೆಲು, ಎಳನೀರಿನ ಅಂಗಡಿ, ಚನ್ನಪಟ್ಟಣದ ಬೊಂಬೆ ಅಂಗಡಿಗಳ ವ್ಯಾಪಾರ ಕುಸಿದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಓದುವುದು ಬೇರೆ, ಖಾಲಿ ಮೇಜುಗಳ ನಡುವೆ ಕುಳಿತು ಬಿಸಿ ವಡೆ ಮುರಿಯುವುದು ಬೇರೆ.

ಹೊಸ ರಸ್ತೆ ಬೇಡವೆನ್ನಲು ನಾನು ಮೂಢನಲ್ಲ. ಆಂಬುಲೆನ್ಸಿನಲ್ಲಿ ಹೋಗುವವನಿಗೆ ಉಳಿಯುವ ಒಂದು ಗಂಟೆಯ ಬೆಲೆ ವಡೆಗಿಂತ ಹೆಚ್ಚು. ಆದರೆ ಮದುವೆಗೆ, ನಾಮಕರಣಕ್ಕೆ ಹೊರಟ ನಮ್ಮನಿಮ್ಮಂಥವರಿಗೆ ಅಷ್ಟು ಅವಸರವೇಕೆ? 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಹೆದ್ದಾರಿಯ ಮುಖ್ಯ ದಾರಿಯಲ್ಲಿ ಪ್ರವೇಶವಿಲ್ಲ. ಅವರೆಲ್ಲ ಬದಿಯ ರಸ್ತೆಯಲ್ಲೇ ಹೋಗುತ್ತಾರೆ. ಹಳೆಯ ಬಾಣಲೆಗಳು ಆರದೆ ಉಳಿದಿದ್ದರೆ ಅದರಲ್ಲಿ ಅವರ ಪಾಲೂ ಉಂಟು.

ಮುಂದಿನ ಸಲ ಹೊರಟಾಗ ಮಂಡ್ಯ ದಾಟಿದ ಮೇಲೆ ಬದಿಯ ರಸ್ತೆಗೆ ಇಳಿದುಬಿಡಿ, ಮೇಲುಸೇತುವೆ ಹತ್ತಬೇಡಿ. ಜೊತೆಯಲ್ಲಿ ಮಕ್ಕಳಿದ್ದರೆ ಶಿವಪುರದ ಸತ್ಯಾಗ್ರಹ ಸೌಧವನ್ನೂ ತೋರಿಸಿ. 1938ರ ಧ್ವಜ ಸತ್ಯಾಗ್ರಹ ನಡೆದದ್ದು ಅಲ್ಲಿಯೇ. ಹೋಟೆಲಿನಲ್ಲಿ ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟದ್ದನ್ನು ಕೊಳ್ಳಬೇಡಿ. ಹೊಸದಾಗಿ ಕರಿದು ಕೊಡಿ ಎಂದು ಕೇಳಿ. ಹತ್ತು ನಿಮಿಷ ತಡವಾಗುತ್ತದೆ. ಅಷ್ಟರಲ್ಲಿ ಪಕ್ಕದ ಮೇಜಿನವರು ಯಾವ ಕಡೆಗೆ ಹೊರಟವರೆಂದು ವಿಚಾರಿಸಬಹುದು.