ಒಂದು ಪೈಸೆಯ ಗಾಜು

(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಗಿರಣಿಯ ಗುಮಾಸ್ತ. ಗಾಜಿನ ಶಾಸ್ತ್ರ ಓದಿದವನಲ್ಲ. ಆದರೂ ಮುಂಬಯಿಯಿಂದ ಪುಣೆಗೆ ಹೋಗುವಾಗ ಸಿಗುವ ತಳೇಗಾಂವದ ಮಾತೊಂದನ್ನು ಹೇಳಬೇಕೆನಿಸಿದೆ.

ಅಂತಾಜಿ ದಾಮೋದರ ಕಾಳೆಯವರು ಸ್ವದೇಶಿ ಉದ್ಯಮಕ್ಕೆಂದು ತಲೆಗೊಂದು ಪೈಸೆಯಂತೆ ಜನರಲ್ಲಿ ಬೇಡಿದರು. ಲೋಕಮಾನ್ಯ ತಿಲಕರು ಬೆಂಬಲಕ್ಕೆ ನಿಂತರು. ಆ ಪೈಸಾ ಫಂಡದಿಂದ 1908ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರಖಾನೆ ಎದ್ದಿತು. ಜಪಾನಿನಲ್ಲಿ ಕಲಿತು ಬಂದ ಈಶ್ವರದಾಸ ವಾರ್ಷ್ಣೇಯರು ಅದರ ಹೊಣೆ ಹೊತ್ತರು.

ಮರಳು, ಸೋಡಾ, ಸುಣ್ಣದ ಕಲ್ಲು, ಒಡೆದ ಗಾಜಿನ ಚೂರು: ಇವೆಲ್ಲ ಸುಮಾರು 1,500 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಕರಗಿ ಗಾಜಾಗುತ್ತವೆ. ಅದಕ್ಕಾಗಿ ಕುಲುಮೆ ಹಗಲಿರುಳೂ ಉರಿಯಬೇಕು. ನಡುವೆ ಆರಿ ತಣ್ಣಗಾದರೆ ಒಳಗಿನ ಮೂಸೆಗಳೇ ಬಿರಿಯುತ್ತವೆ. ಹೊತ್ತಿಸುವುದಕ್ಕಿಂತ ಆರಗೊಡದಿರುವುದೇ ಕಷ್ಟ.

ನಮ್ಮ ವಾಚನಾಲಯದ ಪ್ರಾರಂಭೋತ್ಸವಕ್ಕೆ ಎಲ್ಲರೂ ಕೈಬಿಚ್ಚಿ ಕೊಟ್ಟಿರಿ. ಈಗ ಮೂರು ತಿಂಗಳ ಪತ್ರಿಕೆಯ ಬಿಲ್ಲು ಬಾಕಿ. ಎರಡು ವಾರಪತ್ರಿಕೆ ನಿಂತಿವೆ. ರಾತ್ರಿಪಾಳಿ ಮುಗಿಸಿ ಬಂದವರು ಬರಿಯ ಮೇಜು ನೋಡಿ ಹಿಂದಿರುಗುತ್ತಾರೆ. ಬಾಗಿಲು ತೆರೆಯುವವನು ನಾನು. ಅವರ ಮುಖ ನೋಡಲಾಗದು.

ದೊಡ್ಡ ದೇಣಿಗೆ ಬೇಡುತ್ತಿಲ್ಲ. ತಿಂಗಳಿಗೊಮ್ಮೆ ಒಂದು ಕಪ್ಪು ಚಹಾದ ಕಾಸು, ತಪ್ಪದೆ ಕೊಡಿ. ಕುಲುಮೆ ಆರದಿರಲಿ.