ಜಿಲ್ಲೆಗಳ ಲೆಕ್ಕವೂ ಅಳಿದ ಗಡಿಗಳೂ
(ಮತದಾರರ ಸಭೆಯಲ್ಲಿ ಮಾಡಿದ ಭಾಷಣ)



ಗೆದ್ದವರ ಮೆರವಣಿಗೆ ಮನೆ ಸೇರಿ, ಸೋತವರ ನಿಟ್ಟುಸಿರು ತಣ್ಣಗಾದ ಮೇಲೆಯೇ ಚುನಾವಣೆಯ ಫಲವನ್ನು ಶಾಂತಚಿತ್ತದಿಂದ ವಿಚಾರಿಸುವದು ಯೋಗ್ಯವು. 2023ನೆಯ ಇಸವಿಯ ಮೇ 10ರಂದು ಕರ್ನಾಟಕದ ವಿಧಾನಸಭೆಗೆ ಮತದಾನವಾಯಿತು, 13ರಂದು ಎಣಿಕೆಯಾಯಿತು. ಯಾವ ಪಕ್ಷಕ್ಕೆ ಅಧಿಕಾರ ಬಂದಿತೆಂಬದು ಅಂದೇ ಎಲ್ಲರಿಗೂ ತಿಳಿಯಿತು. ನಾವು ತಮ್ಮ ಮುಂದಿಡಬೇಕೆಂದಿರುವ ಪ್ರಶ್ನೆ ಬೇರೆಯದು.

1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದೇ ರಾಜ್ಯದ ಪ್ರಜೆಗಳಾದರು. ನಕಾಶೆಯ ಮೇಲಿನ ಗಡಿಗೆರೆ ಒಂದು ದಿನದಲ್ಲಿ ಅಳಿಯಬಹುದು. ಮನಸ್ಸಿನ ಗೆರೆ ಅಳಿಯುವದಕ್ಕೆ ತಲೆಮಾರುಗಳು ಬೇಕು. ಹೀಗೆ ಕೂಡಿಬಂದ ಜನರು ಮತಗಟ್ಟೆಯ ಮುಂದೆ ನಿಂತಾಗ ಒಂದು ನಾಡಿನವರಾಗಿ ನಿಲ್ಲುವರೋ, ಅಥವಾ ಹಳೆಯ ಪ್ರಾಂತದವರಾಗಿಯೇ ಉಳಿದಿರುವರೋ? ಅಭಿಮಾನದ ಮಾತುಗಳಿಂದ ಇದಕ್ಕೆ ಉತ್ತರ ದೊರೆಯಲಾರದು. ಜಿಲ್ಲೆ ಜಿಲ್ಲೆಯ ಅಂಕಿಗಳನ್ನು ಮುಂದಿಟ್ಟುಕೊಂಡು ಕೂಡಿಸಿ ನೋಡಬೇಕು. ಆ ಕೆಲಸವನ್ನೇ ನಾವು ಇಂದು ಮಾಡುವೆವು.

ಮೊದಲು ಇಡೀ ನಾಡಿನ ಮೊತ್ತ. ಏಕೀಕರಣದ ಅನಂತರ 1957ರಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ಸಭೆಯ ಸ್ಥಾನಗಳು 208 ಇದ್ದವು. 1978ರಿಂದ ಅವು 224 ಆಗಿವೆ. ಅಂದು 19 ಇದ್ದ ಜಿಲ್ಲೆಗಳು, 2021ರಲ್ಲಿ ವಿಜಯನಗರವು ಸೇರಿದ ಮೇಲೆ 31 ಆದವು. 2023ರಲ್ಲಿ ಈ 224 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 135, ಭಾರತೀಯ ಜನತಾ ಪಕ್ಷಕ್ಕೆ 66, ಜಾತ್ಯತೀತ ಜನತಾ ದಳಕ್ಕೆ 19 ದೊರೆತವು. ಮಿಕ್ಕ ನಾಲ್ಕರಲ್ಲಿ ಗಂಗಾವತಿಯು ಕಲ್ಯಾಣ ರಾಜ್ಯ ಪ್ರಗತಿ ಪಕ್ಷಕ್ಕೂ, ಮೇಲುಕೋಟೆಯು ರೈತರ ಸರ್ವೋದಯ ಕರ್ನಾಟಕ ಪಕ್ಷಕ್ಕೂ, ಹರಪನಹಳ್ಳಿ ಮತ್ತು ಗೌರಿಬಿದನೂರುಗಳು ಪಕ್ಷೇತರರಿಗೂ ಸಂದವು. 31 ಜಿಲ್ಲೆಗಳಲ್ಲಿ 24ರಲ್ಲಿ ಕಾಂಗ್ರೆಸ್ಸು ಮುಂದಿತ್ತು. ಬೀದರ, ಉಡುಪಿ, ದಕ್ಷಿಣ ಕನ್ನಡ, ಬೆಂಗಳೂರು ನಗರ ಈ ನಾಲ್ಕರಲ್ಲಿ ಭಾರತೀಯ ಜನತಾ ಪಕ್ಷವೂ, ಹಾಸನವೊಂದರಲ್ಲಿ ಜನತಾ ದಳವೂ ಮುಂದಿದ್ದವು. ಗದಗ ಮತ್ತು ಶಿವಮೊಗ್ಗ ಜಿಲ್ಲೆಗಳಲ್ಲಿ ಎರಡು ದೊಡ್ಡ ಪಕ್ಷಗಳು ಸರಿಸಮನಾಗಿ ನಿಂತವು.

ಇನ್ನು ಈ ಜಿಲ್ಲೆಗಳನ್ನು ಹಳೆಯ ಪ್ರಾಂತಗಳ ಪ್ರಕಾರ ಗುಂಪು ಮಾಡಿ ನೋಡೋಣ. ಕೊಳ್ಳೇಗಾಲದಂತೆ ಒಂದು ಪ್ರಾಂತದಿಂದ ಬಂದು ಇನ್ನೊಂದರ ಜಿಲ್ಲೆಗೆ ಸೇರಿದ ತಾಲೂಕುಗಳುಂಟು; ಅವನ್ನು ಇಂದಿನ ಜಿಲ್ಲೆಯ ಜೊತೆಗೇ ಎಣಿಸಿದ್ದೇವೆ.

ಮುಂಬಯಿ ಪ್ರಾಂತದಿಂದ ಬಂದ ಭಾಗವು ಇಂದು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಎಂಬ ಏಳು ಜಿಲ್ಲೆಗಳು. ಇಲ್ಲಿಯ ಸ್ಥಾನಗಳು 56. ಕಾಂಗ್ರೆಸ್ಸಿಗೆ ಬೆಳಗಾವಿಯಲ್ಲಿ 11, ವಿಜಯಪುರದಲ್ಲಿ 6, ಬಾಗಲಕೋಟೆ ಮತ್ತು ಹಾವೇರಿಗಳಲ್ಲಿ ಐದೈದು, ಧಾರವಾಡ ಮತ್ತು ಉತ್ತರ ಕನ್ನಡಗಳಲ್ಲಿ ನಾಲ್ಕು ನಾಲ್ಕು, ಗದಗಿನಲ್ಲಿ 2, ಕೂಡಿ 37. ನಿಜಾಮನ ಸಂಸ್ಥಾನದಿಂದ ಬಂದ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳಗಳಲ್ಲಿ 31 ಸ್ಥಾನಗಳು. ಕಾಂಗ್ರೆಸ್ಸಿಗೆ ಕಲಬುರಗಿಯ 7, ರಾಯಚೂರಿನ 4, ಯಾದಗಿರಿ ಮತ್ತು ಕೊಪ್ಪಳದ ಮೂರು ಮೂರು, ಬೀದರದ 2 ಸೇರಿ 19. ಬಳ್ಳಾರಿ ಮತ್ತು ವಿಜಯನಗರಗಳ 10ರಲ್ಲಿ 7. ಹಳೆಯ ಮೈಸೂರಿನ 14 ಜಿಲ್ಲೆಗಳಲ್ಲಿ 112 ಸ್ಥಾನಗಳು, ಎಂದರೆ ಸಭೆಯ ಸರಿಯಾಗಿ ಅರ್ಧ, ಅಲ್ಲಿ 68.

ಈ ಅಂಕಿಗಳನ್ನು ನೂರರ ಲೆಕ್ಕಕ್ಕೆ ತಂದರೆ ಮುಂಬಯಿಯ ಭಾಗದಲ್ಲಿ ಸುಮಾರು 66, ಹೈದರಾಬಾದಿನ ಭಾಗದಲ್ಲಿ 61, ಮೈಸೂರಿನ ಭಾಗದಲ್ಲಿಯೂ 61, ಬಳ್ಳಾರಿಯ ಕಡೆ 70 ಆಗುವದು. ಮಹನೀಯರೇ, ಈ ಸಾಮ್ಯವನ್ನು ಲಕ್ಷ್ಯಕ್ಕೆ ತಂದುಕೊಳ್ಳಿರಿ. ಒಂದು ಕಾಲಕ್ಕೆ ಬೀದರದವನು ಉರ್ದುವಿನ ಕಾಗದ ಹಿಡಿದು ಕಚೇರಿಗೆ ಹೋಗುತ್ತಿದ್ದನು. ವಿಜಯಪುರದವನು ಮರಾಠಿಯ ಮೊರೆ ಹೊಗುತ್ತಿದ್ದನು. ತುಮಕೂರಿನವನು ಮಹಾರಾಜರ ದಿವಾನರಿಗೆ ಅರ್ಜಿ ಬರೆಯುತ್ತಿದ್ದನು. ಅವರ ಮೊಮ್ಮಕ್ಕಳೂ ಮರಿಮಕ್ಕಳೂ ಒಂದೇ ದಿನ, ಒಂದೇ ಸರಕಾರದ ಕಾರ್ಯವನ್ನು ತೂಗಿ ನೋಡಿ, ಹೆಚ್ಚು ಕಡಿಮೆ ಒಂದೇ ತೆರನಾದ ತೀರ್ಪನ್ನು ಕೊಟ್ಟಿದ್ದಾರೆ. ಆ ತೀರ್ಪು ಯಾವ ಪಕ್ಷಕ್ಕೆ ಅನುಕೂಲವಾಯಿತೆಂಬದು ನಮ್ಮ ಇಂದಿನ ಮಾತಿಗೆ ಮುಖ್ಯವಲ್ಲ. ಮುಂದೊಮ್ಮೆ ಅದು ಇನ್ನೊಂದು ಪಕ್ಷಕ್ಕೆ ಅನುಕೂಲವಾದರೂ ನಮ್ಮ ಸಂತೋಷಕ್ಕೆ ಕುಂದಿಲ್ಲ. ಹಳೆಯ ಪ್ರಾಂತದ ಗೋಡೆ ಈ ಫಲಿತಾಂಶದಲ್ಲಿ ಅಡ್ಡ ಬರಲಿಲ್ಲವೆಂಬದೇ ನಮಗೆ ಮುಖ್ಯವು.

ಇದಕ್ಕೆ ಎರಡು ಅಪವಾದಗಳನ್ನು ತೋರಿಸುವವರಿರುವರು. ಅವನ್ನು ಮುಚ್ಚಿಡುವದು ನ್ಯಾಯವಲ್ಲ.

ಒಂದನೆಯದು ಜನತಾ ದಳದ ಸಂಗತಿ. ಅದರ 19 ಸ್ಥಾನಗಳಲ್ಲಿ 15 ಹಳೆಯ ಮೈಸೂರಿನವೇ, ಹಾಸನವೊಂದರಲ್ಲಿಯೇ 4. ಆದರೂ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ, ಯಾದಗಿರಿಯ ಗುರುಮಠಕಲ್, ರಾಯಚೂರಿನ ದೇವದುರ್ಗ, ವಿಜಯನಗರದ ಹಗರಿಬೊಮ್ಮನಹಳ್ಳಿ ಇವು ಆ ಪಕ್ಷಕ್ಕೆ ಒಲಿದವು. ಅದರ ಬಲಗಡಿದದ್ದೂ ತನ್ನ ತವರಿನಲ್ಲಿಯೇ. 2018ರಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳನ್ನೂ ಗೆದ್ದಿದ್ದ ದಳಕ್ಕೆ 2023ರಲ್ಲಿ ಅಲ್ಲಿ ಉಳಿದದ್ದು ಕೃಷ್ಣರಾಜಪೇಟೆಯೊಂದೇ. ಹಾಸನದಲ್ಲಿ ಆರು ಇದ್ದದ್ದು ನಾಲ್ಕಾಯಿತು. ಒಂದು ಪಕ್ಷದ ಬೇರು ಒಂದು ಸೀಮೆಯಲ್ಲಿ ಆಳವಾಗಿರುವದು ಸ್ವಾಭಾವಿಕ. ಆ ಸೀಮೆಯೇ ಅದಕ್ಕೆ ದತ್ತಿಯಾಗಿ ಬಂದಿಲ್ಲವೆಂಬದನ್ನು ಮಂಡ್ಯದ ರೈತರು ತೋರಿಸಿಕೊಟ್ಟರು.

ಎರಡನೆಯದು ಕರಾವಳಿಯದು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ 13 ಸ್ಥಾನಗಳಲ್ಲಿ ಭಾರತೀಯ ಜನತಾ ಪಕ್ಷಕ್ಕೆ 11. ಮಂಗಳೂರು ಮತ್ತು ಪುತ್ತೂರು ಮಾತ್ರ ಕಾಂಗ್ರೆಸ್ಸಿಗೆ. ಉಡುಪಿಯ ಐದಕ್ಕೆ ಐದೂ ಒಂದೇ ಪಕ್ಷದವು. ನಾಡೆಲ್ಲ ಒಂದು ಕಡೆ ವಾಲಿದಾಗ ಕಡಲತೀರವು ಇನ್ನೊಂದು ಕಡೆ ನಿಂತಿತು. ಇದನ್ನು ನೋಡಿ, “ಕರಾವಳಿಯವರ ದಾರಿಯೇ ಬೇರೆ, ಅದು ಎಂದೆಂದಿಗೂ ಹೀಗೆಯೇ” ಎಂದು ಹೇಳುವವರ ಮಾತು ನಮ್ಮ ಕಿವಿಗೂ ಬಿದ್ದಿದೆ. ಅಂಥವರು 2013ರ ಫಲಿತಾಂಶವನ್ನು ತೆಗೆದು ನೋಡಲಿ. ಅಂದು ಇದೇ 13ರಲ್ಲಿ 10 ಸ್ಥಾನಗಳನ್ನು ಕಾಂಗ್ರೆಸ್ಸು ಗೆದ್ದಿತ್ತು. ಭಾರತೀಯ ಜನತಾ ಪಕ್ಷಕ್ಕೆ ಸುಳ್ಯ ಮತ್ತು ಕಾರ್ಕಳ ಮಾತ್ರ ಉಳಿದಿದ್ದವು. ಕುಂದಾಪುರವು ಪಕ್ಷೇತರರ ಪಾಲಾಗಿತ್ತು. ಐದು ವರುಷಗಳ ತರುವಾಯ 2018ರಲ್ಲಿ ಕಾಂಗ್ರೆಸ್ಸಿನ ಹತ್ತು ಒಂದಕ್ಕೆ ಇಳಿಯಿತು. ಹತ್ತು ವರುಷಗಳಲ್ಲಿ ಎರಡೂ ಪಕ್ಷಗಳನ್ನು ಎತ್ತಿ ಇಳಿಸಿದ ಮತದಾರನಿಗೆ ಸ್ವಂತ ಬುದ್ಧಿಯಿಲ್ಲವೆನ್ನುವವರಾರು?

ಕೊಡಗು ಮತ್ತು ಚಿಕ್ಕಮಗಳೂರುಗಳ ಕಥೆಯು ಇದಕ್ಕೆ ತದ್ವಿರುದ್ಧವಾದರೂ ಅದೇ ಪಾಠವನ್ನು ಹೇಳುವದು. ಚಿಕ್ಕಮಗಳೂರಿನ ಐದರಲ್ಲಿ ನಾಲ್ಕನ್ನು 2018ರಲ್ಲಿ ಭಾರತೀಯ ಜನತಾ ಪಕ್ಷವು ಗೆದ್ದಿತ್ತು. 2023ರಲ್ಲಿ ಐದೂ ಕಾಂಗ್ರೆಸ್ಸಿಗೆ ಹೋದವು. ಕೊಡಗಿನ ಎರಡೂ ಸ್ಥಾನಗಳು ಹಾಗೆಯೇ ಕೈ ಬದಲಿಸಿದವು. ಏಕೀಕರಣಕ್ಕೆ ಮುಂಚೆ ಕೊಡಗಿಗೆ 24 ಸದಸ್ಯರ ಸ್ವಂತ ಶಾಸನಸಭೆ ಇದ್ದಿತು. ಇಂದು ಆ ಜಿಲ್ಲೆಯಿಂದ ಬರುವವರು ಇಬ್ಬರೇ. 2008ರ ಮರುವಿಂಗಡಣೆಗೆ ಮುಂಚೆ ಮೂವರಿದ್ದರು. ದೊಡ್ಡ ಮನೆಗೆ ಸೇರಲು ಸಣ್ಣ ಸೀಮೆಯೊಂದು ಎಷ್ಟನ್ನು ಬಿಟ್ಟುಕೊಟ್ಟಿತೆಂಬದನ್ನು ಬೆಂಗಳೂರಿನಲ್ಲಿ ಕುಳಿತವರು ಮರೆಯಬಾರದು.

ಬೆಂಗಳೂರಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುವೆವು. ನಮ್ಮ ಲೆಕ್ಕದಲ್ಲಿ ಹೊಸದೊಂದು ಗೆರೆ ಕಾಣುವದಾದರೆ ಇಲ್ಲಿಯೇ. ನಗರ ಜಿಲ್ಲೆಯ 28ರಲ್ಲಿ 16 ಭಾರತೀಯ ಜನತಾ ಪಕ್ಷಕ್ಕೆ, 12 ಕಾಂಗ್ರೆಸ್ಸಿಗೆ. ಅದನ್ನು ಬಿಟ್ಟು ಹಳೆಯ ಮೈಸೂರಿನ ಉಳಿದ 84 ಸ್ಥಾನಗಳನ್ನು ಎಣಿಸಿದರೆ ಕಾಂಗ್ರೆಸ್ಸಿಗೆ 56, ಎಂದರೆ ಮೂರರಲ್ಲಿ ಎರಡು ಪಾಲು. ಮುಂಬಯಿಯ ಭಾಗದಲ್ಲಿ ಬಂದ ಪ್ರಮಾಣವೂ ಅದೇ. ಹಾಗಾದರೆ ತುಮಕೂರಿನ ಹಳ್ಳಿಯವನು ಬೆಂಗಳೂರಿನ ಬಡಾವಣೆಯವನಿಗಿಂತ ಹಾವೇರಿಯ ಹಳ್ಳಿಯವನಿಗೆ ಹೆಚ್ಚು ಸಮೀಪದವನಾಗಿ ಮತ ಹಾಕಿದನು. ಹಿಂದೆ ನಾಡನ್ನು ಒಡೆದದ್ದು ಪರರ ಆಳಿಕೆ. ಇನ್ನು ಮುಂದೆ ಒಡೆಯಬಹುದಾದದ್ದು ನಗರಕ್ಕೂ ಹಳ್ಳಿಗೂ ನಡುವಿನ ಅಂತರವೆಂದು ನಮಗೆ ತೋರುವದು.

ಮತ್ತೊಂದು ವಿಷಾದದ ಸಂಗತಿ. ಇಡೀ ನಾಡಿನಲ್ಲಿ ನೂರಕ್ಕೆ 73ಕ್ಕೂ ಹೆಚ್ಚು ಮತದಾರರು ಮತ ಹಾಕಿದರು. ರಾಜಧಾನಿಯಲ್ಲಿ ಹಾಕಿದವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಹೊಲದ ಕೆಲಸ ಬಿಟ್ಟು ಬಿಸಿಲಿನಲ್ಲಿ ಸಾಲುಗಟ್ಟಿ ನಿಂತವರು ಒಂದು ಕಡೆ. ಮತಗಟ್ಟೆಯು ಕೂಗಳತೆಯಲ್ಲಿದ್ದರೂ ಮನೆಯಲ್ಲಿ ಕುಳಿತ ಸುಶಿಕ್ಷಿತರು ಇನ್ನೊಂದು ಕಡೆ. ಅದೇ ನಗರದ ಜಯನಗರದಲ್ಲಿ ಸೋಲು ಗೆಲುವುಗಳ ಅಂತರವು 16 ಮತಗಳೆಂದು ಘೋಷಿತವಾಯಿತು. ಒಂದು ಬೀದಿಯ ನಾಲ್ಕು ಮನೆಗಳವರು ಮನಸ್ಸು ಮಾಡಿದ್ದರೆ ಫಲವು ಬದಲಾಗುತ್ತಿತ್ತು. ಒಂದು ಮತದಿಂದ ಏನಾದೀತೆಂದು ಇನ್ನು ಯಾರೂ ಕೇಳದಿರಲಿ.

ಗಡಿಯ ಬೆಳಗಾವಿಯ ಒಂದು ಅಂಕಿಯನ್ನು ವಿಶೇಷವಾಗಿ ಹೇಳಬೇಕು. ಆ ಜಿಲ್ಲೆಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಹಟ ಹಿಡಿದ ಏಕೀಕರಣ ಸಮಿತಿಯವರು 2013ರಲ್ಲಿ ಎರಡು ಸ್ಥಾನಗಳನ್ನು ಗೆದ್ದಿದ್ದರು. 2018ರಲ್ಲಿಯೂ 2023ರಲ್ಲಿಯೂ ಅವರ ಉಮೇದುವಾರರಲ್ಲಿ ಒಬ್ಬರೂ ಆರಿಸಿ ಬರಲಿಲ್ಲ. ಮರಾಠಿ ಮಾತಾಡುವ ನಮ್ಮ ನೆರೆಯವರೇ ಆ ಕೂಗಿಗೆ ಬೆನ್ನು ತಿರುಗಿಸಿ, ನೀರು, ದಾರಿ, ಶಾಲೆಗಳ ಮಾತಿಗೆ ಮತ ಕೊಡಲಾರಂಭಿಸಿದ್ದಾರೆ. ಇದರಿಂದ ಬೀಗದೆ, ಅವರ ವಿಶ್ವಾಸವನ್ನು ಉಳಿಸಿಕೊಳ್ಳುವದು ನಮ್ಮ ಹೊಣೆಯಾಗಿದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಸ್ಥಾನಗಳ ಲೆಕ್ಕವೂ ಮತಗಳ ಲೆಕ್ಕವೂ ಒಂದೇ ಅಲ್ಲ. 2018ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ ನೂರಕ್ಕೆ 36ರಷ್ಟು ಮತಗಳು ಬಂದು 104 ಸ್ಥಾನಗಳು ದೊರೆತಿದ್ದವು. 2023ರಲ್ಲಿಯೂ ನೂರಕ್ಕೆ 36ರಷ್ಟೇ ಮತಗಳು ಬಂದು ಸ್ಥಾನಗಳು 66ಕ್ಕೆ ಇಳಿದವು. ಕಾಂಗ್ರೆಸ್ಸಿನ ಮತಗಳು 38ರಿಂದ 43ರ ಸಮೀಪಕ್ಕೆ ಏರಿದ ಮಾತ್ರದಿಂದ ಸ್ಥಾನಗಳು 80ರಿಂದ 135ಕ್ಕೆ ಜಿಗಿದವು. ದಳದ ಮತಗಳು 18ರಿಂದ 13ಕ್ಕೆ ಇಳಿದವು. ಆದುದರಿಂದ ಪತ್ರಿಕೆಗಳ ನಕಾಶೆಯಲ್ಲಿ ಉಡುಪಿಗೆ ಒಂದು ಬಣ್ಣ, ಬಳ್ಳಾರಿಗೆ ಇನ್ನೊಂದು ಬಣ್ಣ ಬಳಿದುದನ್ನು ಕಂಡು, ಅಲ್ಲಿಯ ಜನರೆಲ್ಲ ಆ ಬಣ್ಣದವರೇ ಎಂದು ಭಾವಿಸುವದು ತಪ್ಪು. ಉಡುಪಿಯಲ್ಲಿ ಕಾಂಗ್ರೆಸ್ಸಿಗೆ ಮತ ಕೊಟ್ಟವರು ಲಕ್ಷಗಟ್ಟಲೆ ಇದ್ದಾರೆ. ಅವರಿಗೆ ಸಭೆಯಲ್ಲಿ ತಮ್ಮ ಜಿಲ್ಲೆಯ ಬಾಯಿಯೊಂದಿಲ್ಲ, ಅಷ್ಟೇ. ಬಳ್ಳಾರಿಯ ಐದೂ ಕಾಂಗ್ರೆಸ್ಸಿಗೆ ಹೋದುದರಿಂದ ಅಲ್ಲಿಯ ಉಳಿದ ಮತದಾರರ ಗತಿಯೂ ಅದೇ.

ಇಲ್ಲಿಂದಲೇ ಆಳುವವರ ಕರ್ತವ್ಯವು ಹುಟ್ಟುವದು. ಹೆಚ್ಚು ಸದಸ್ಯರನ್ನು ಕಳಿಸಿದ ಜಿಲ್ಲೆಗೆ ಹೆಚ್ಚು ಕಾಮಗಾರಿ, ಕಳಿಸದ ಜಿಲ್ಲೆಗೆ ಕಾಯುವ ಶಿಕ್ಷೆ, ಎಂಬ ನೀತಿ ಯಾವ ಪಕ್ಷದ ಸರಕಾರದಿಂದಲೂ ನಡೆಯಬಾರದು. 2023ರಲ್ಲಿ ಉಡುಪಿಯಲ್ಲಿ ಆಳುವ ಪಕ್ಷದ ಸದಸ್ಯರಾರೂ ಇಲ್ಲದ ಕಾರಣ ಅದರ ಉಸ್ತುವಾರಿಯನ್ನು ಬೆಳಗಾವಿ ಜಿಲ್ಲೆಯ ಸಚಿವೆಯೊಬ್ಬರಿಗೆ ವಹಿಸಲಾಯಿತು. ಘಟ್ಟದ ಆಚೆಯವರು ಘಟ್ಟದ ಕೆಳಗಿನವರ ಹೊಣೆ ಹೊರುವದು ಒಂದು ನಾಡಿನ ಲಕ್ಷಣವೇ ಸರಿ. ಆ ಹೊಣೆಯು ಹೆಸರಿಗಷ್ಟೇ ಆಗದಿರುವಂತೆ ಕಾಯತಕ್ಕವರು ನಾವು.

ಕೊನೆಯದಾಗಿ, ಮತದಲ್ಲಿ ಅಳಿದ ಗೋಡೆಯು ಬದುಕಿನಲ್ಲಿಯೂ ಅಳಿದಿದೆಯೇ ಎಂದು ಕೇಳಿಕೊಳ್ಳೋಣ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ಅಂದಿನ 175 ತಾಲೂಕುಗಳ ಪೈಕಿ 114 ಹಿಂದುಳಿದವೆಂದು ಎಣಿಸಿತು. ಅತ್ಯಂತ ಹಿಂದುಳಿದ 39ರಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಲಬುರಗಿ ವಿಭಾಗದವೇ. ಆ ಭಾಗದ ಜಿಲ್ಲೆಗಳಿಗಾಗಿ 2012ರಲ್ಲಿ ಸಂವಿಧಾನವನ್ನು ತಿದ್ದಿ 371ಜೆ ಎಂಬ ವಿಧಿಯನ್ನು ಸೇರಿಸಬೇಕಾಯಿತು. ಮತಪೆಟ್ಟಿಗೆಯ ಮುಂದೆ ಬೀದರವೂ ಮೈಸೂರೂ ಸಮವಾಗಿವೆ. ಆಸ್ಪತ್ರೆಯ ಬಾಗಿಲಲ್ಲಿ, ಶಾಲೆಯ ಪಡಸಾಲೆಯಲ್ಲಿ, ಕಾಲುವೆಯ ತೂಬಿನ ಬಳಿಯಲ್ಲಿ ಇನ್ನೂ ಸಮವಾಗಬೇಕಾಗಿದೆ. ಕಲಬುರಗಿ ಜಿಲ್ಲೆಯವರು ಒಂಬತ್ತರಲ್ಲಿ ಏಳು ಸ್ಥಾನಗಳನ್ನು ಒಂದು ಪಕ್ಷಕ್ಕೆ ಕೊಟ್ಟು ತಮ್ಮ ಪಾಲಿನ ಕೆಲಸ ಮಾಡಿದರು. ಬೀದರದವರು ಆರರಲ್ಲಿ ನಾಲ್ಕನ್ನು ಇನ್ನೊಂದು ಪಕ್ಷಕ್ಕೆ ಕೊಟ್ಟು ತಮ್ಮ ಪಾಲಿನದನ್ನು ಮಾಡಿದರು. ಇಬ್ಬರಿಗೂ ನಾಡಿನ ಸಾಲವು ಒಂದೇ.

ಬಾಂಧವರೇ, ಮುಂದಿನ ವಿಧಾನಸಭೆಯ ಅವಧಿಯಂತೆ 2028ರಲ್ಲಿ ನಮ್ಮನ್ನು ಮತ್ತೆ ಕೇಳಲು ಬರುವರು. ಯಾರಿಗೆ ಮತ ಕೊಡಬೇಕೆಂದು ಹೇಳುವದು ನಮ್ಮ ಕೆಲಸವಲ್ಲ. ಬಂದವರೊಡನೆ ಈ ಜಿಲ್ಲೆಗಳ ಲೆಕ್ಕವನ್ನು ಕೈಯಲ್ಲಿ ಹಿಡಿದು ಮಾತಾಡಿರಿ; “ನಮ್ಮ ಜಿಲ್ಲೆ ನಿಮ್ಮದೇ” ಎನ್ನುವವನಿಗೆ ಮಂಡ್ಯವನ್ನೂ ಚಿಕ್ಕಮಗಳೂರನ್ನೂ ಕರಾವಳಿಯನ್ನೂ ನೆನಪಿಸಿರಿ; ನಿಮ್ಮ ಊರಿಗೆ ಬೇಕಾದುದನ್ನು ಕೇಳುವಾಗ ನಾಡಿನ ಇನ್ನೊಂದು ಮೂಲೆಗೂ ಅದು ಬೇಕಾಗಿದೆಯೆಂಬದನ್ನು ಜೊತೆಗೇ ಕೇಳಿರಿ. ಹಿರಿಯರು ಗಡಿಗಳನ್ನು ಅಳಿಸಿ ನಮಗೊಂದು ನಾಡನ್ನು ಕೊಟ್ಟರು. ಅದರೊಳಗಿನ ಏರುಪೇರುಗಳನ್ನು ಸರಿಪಡಿಸುವ ಕೆಲಸ ನಮ್ಮ ಪಾಲಿಗೆ ಬಂದಿದೆ.