ನೋವಿನ ಗುಳಿಗೆಯ ಇನ್ನೊಂದು ಮುಖ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದವರು, ಸೊಂಟ ಹಿಡಿದವರು ನಮ್ಮ ಈ ಮೇಜಿನ ಸುತ್ತ ಕಡಮೆಯಿಲ್ಲ. ಅವರಲ್ಲಿ ಹಲವರ ಚೀಟಿಯಲ್ಲಿ ಟ್ರಮಡಾಲ್ ಎಂಬ ಹೆಸರನ್ನು ನಾವು ಕಂಡಿದ್ದೇವೆ. ಎಷ್ಟೋ ಸಲ ಅದು ಪ್ಯಾರಾಸಿಟಮಾಲಿನೊಡನೆ ಒಂದೇ ಗುಳಿಗೆಯಲ್ಲಿ ಬೆರೆತಿರುವುದರಿಂದ ನುಂಗುವವರಿಗೇ ತಿಳಿದಿರುವುದಿಲ್ಲ. ಇದು ಪ್ರಯೋಗಶಾಲೆಯಲ್ಲಿ ತಯಾರಾದುದಾದರೂ ಅಫೀಮಿನ ಬಳಗಕ್ಕೆ ಸೇರಿದ ಔಷಧ.

ಮೊದಲ ದಿನಗಳಲ್ಲಿ ಓಕರಿಕೆ, ತಲೆಸುತ್ತು, ಮಂಪರು ಬರುವುದುಂಟು. ಹಲವರಿಗೆ ಇವು ಕ್ರಮೇಣ ತಗ್ಗುತ್ತವೆ. ಸುಲಭವಾಗಿ ತಗ್ಗದಿರುವುದು ಮಲಬದ್ಧತೆ. ಸಭೆಯಲ್ಲಿ ಆಡಲು ಸಂಕೋಚದ ಮಾತೇ ಸರಿ, ಆದರೂ ಆಡಲೇಬೇಕು. ಈ ಬಳಗದ ಔಷಧಗಳು ಮಿದುಳಿನ ಮೇಲಷ್ಟೇ ಅಲ್ಲ, ಕರುಳಿನ ನರಗಳ ಮೇಲೂ ಕೆಲಸ ಮಾಡುತ್ತವೆ. ಕರುಳಿನ ಚಲನೆ ಮಂದವಾಗಿ, ಮಲದ ನೀರೆಲ್ಲ ಹೀರಿಹೋಗಿ ಗಟ್ಟಿಯಾಗುತ್ತದೆ. ಇದಕ್ಕೆ ಬಾಳೆಹಣ್ಣು, ಬಿಸಿನೀರು ಅನೇಕರಿಗೆ ಸಾಲದು. ಭೇದಿಗೆ ಏನಾದರೂ ಕೊಡಬೇಕೇ ಎಂದು ವೈದ್ಯರನ್ನು ಮೊದಲ ದಿನವೇ ಕೇಳಬೇಕು. ನಮ್ಮ ಸಂಘದ ಹಿರಿಯರೊಬ್ಬರು ಒಂಬತ್ತು ದಿನ ಸೊಸೆಗೂ ಹೇಳದೆ ಸುಮ್ಮನಿದ್ದರು. ಕೊನೆಗೆ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಹೊರಡಬೇಕಾಯಿತು. ಟ್ಯಾಕ್ಸಿ ಹುಡುಕಿದವರು ನಾವೇ.

ಟ್ರಮಡಾಲಿಗೆ ಉಳಿದವುಗಳಲ್ಲಿ ಅಷ್ಟಾಗಿ ಕಾಣದ ಗುಣವೊಂದಿದೆ. ಅದು ಮಿದುಳಿನಲ್ಲಿ ಸೆರೊಟೋನಿನ್ ಎಂಬ ದ್ರವ್ಯವನ್ನೂ ಹೆಚ್ಚಿಸುತ್ತದೆ. ಖಿನ್ನತೆಗೆ ಕೊಡುವ ಅನೇಕ ಗುಳಿಗೆಗಳು ಮಾಡುವುದೂ ಇದನ್ನೇ. ಎರಡೂ ಕೂಡಿದರೆ ನಡುಕ, ಬೆವರು, ಜ್ವರ, ಬುದ್ಧಿಯ ಗಲಿಬಿಲಿ ಆಗಬಹುದು. ಫಿಟ್ಸ್ ಬರುವ ಸಂಭವವೂ ಹೆಚ್ಚು. ಅಪಸ್ಮಾರದವರಂತೂ ಬಹಳ ಎಚ್ಚರದಿಂದಿರಬೇಕು. ನಮ್ಮ ಮನೆಗಳಲ್ಲಿ ಮನಸ್ಸಿನ ಔಷಧವನ್ನು ಬೀರುವಿನಲ್ಲಿ ಬಚ್ಚಿಡುವ ರೂಢಿ. ಮೂಳೆಯ ವೈದ್ಯರ ಮುಂದೆ ಅದರ ಸುದ್ದಿಯೇ ಎತ್ತುವುದಿಲ್ಲ. ಅಪಾಯವಿರುವುದು ಅಲ್ಲಿಯೇ.

ನಿದ್ರೆಯ ಗುಳಿಗೆ ಅಥವಾ ಮದ್ಯದೊಡನೆ ಸೇರಿದರೆ ಉಸಿರಾಟವೇ ಕುಂದಬಹುದು. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯಬಾರದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಅಮೆರಿಕದ ಔಷಧ ಇಲಾಖೆ 2017ರಲ್ಲಿ ಸಾರಿತು. ಅಜ್ಜನ ಡಬ್ಬಿಯಿಂದ ಮೊಮ್ಮಗನಿಗೆ ಅರ್ಧ ಮುರಿದು ಕೊಡುವವರು ಕೇಳಿಸಿಕೊಳ್ಳಿ. ನಮ್ಮ ಸರ್ಕಾರವೂ 2018ರಲ್ಲಿ ಇದನ್ನು ಮಾದಕ ದ್ರವ್ಯಗಳ ಕಾಯಿದೆಯ ಕೆಳಗೆ ತಂದಿತು. ಅಂಗಡಿಯವರು ಚೀಟಿ ಕೇಳಿದರೆ ಅವರ ಮೇಲೆ ರೇಗಿ ಫಲವಿಲ್ಲ.

ಹಾಗೆಂದು ಇಂದೇ ಡಬ್ಬಿಯನ್ನು ಎಸೆಯಬೇಡಿ. ಬಹುದಿನ ತೆಗೆದುಕೊಂಡವರು ಥಟ್ಟನೆ ಬಿಟ್ಟರೆ ಬೆವರು, ತಳಮಳ, ನಿದ್ರೆಗೇಡು ಕಾಡುತ್ತವೆ. ವೈದ್ಯರು ಹೇಳಿದಂತೆ ಮೆಲ್ಲಮೆಲ್ಲಗೆ ಇಳಿಸಬೇಕು. ನಾವು ಹೇಳಿದ ಆ ಹಿರಿಯರೂ ಮೂರು ವಾರಗಳಲ್ಲಿ ಹಾಗೆಯೇ ಬಿಟ್ಟರು. ಈಗ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಪತ್ರಿಕೆ ಹಿಡಿದು ಕೂರುತ್ತಾರೆ. ಬೇರೆಯವರಿಗೆ ಬಿಡುವುದಿಲ್ಲವೆಂಬುದೊಂದೇ ದೂರು.